ಗಿರಿರಾಜ ಹುಂಜಗಳ ಕಾದಾಟ ಮಿತಿಮೀರಿದೆ, ಶ್ರಾವಣ ಮುಗಿಯೋವರೆಗೆ ಹೇಗೆ ಸಂಭಾಳಿಸೋದು?

ತೋಟದಮನೆ, ರಾಮನಗರ

ಎಲ್ಲರಿಗೂ ನಮಸ್ಕಾರ. ಯುಗಾದಿ ಕಳೆದ ಮೇಲೆ ನೂರು ಗಿರಿರಾಜ ತಳಿಯ ಕೋಳಿಮರಿ ತಂದು ಮಾಂಸಕ್ಕೆ ಅಂತಲೇ ಸಾಕಿದ್ದೀವಿ. ಸತ್ತಿದ್ದು ಹೋಗಿ ತೊಂಬತ್ತರ ಹತ್ತಿರ ಉಳಿದಿವೆ, ಅದರಲ್ಲಿ ಅರ್ಧದಷ್ಟು ಹುಂಜ. ಮೂರು ತಿಂಗಳವರೆಗೂ ಯಾವ ತಕರಾರೂ ಇರ್ಲಿಲ್ಲ. ಒಂದು ಹುಂಜ ಕೂಗೋಕೆ ಶುರು ಮಾಡಿದ್ದೇ ತಡ, ಉಳಿದವಕ್ಕೂ ಮೈಮೇಲೆ ಬಂದಂಗಾಯ್ತು. ಬೆಳಗ್ಗೆ ಬಾಗಿಲು ತೆಗೆದ ತಕ್ಷಣ ನಾಲ್ಕೈದು ಜೋಡಿ ಕುತ್ತಿಗೆ ಗರಿ ಕೆದರಿಕೊಂಡು ಎದುರುಬದುರು ನಿಂತ್ಕೊಳ್ತವೆ. ಎಗರಿ ಎಗರಿ ಒದೀತವೆ, ಜುಟ್ಟು ಕಚ್ಚಿ ಎಳೀತವೆ. ಜುಟ್ಟೆಲ್ಲ ರಕ್ತ. ಹ್ಯಾಟೆಗಳಂತೂ ಪಾಪ, ಮೂರು ಹುಂಜ ಒಂದೇ ಹ್ಯಾಟೆ ಹಿಂದೆ ಬೀಳ್ತವೆ, ಕೆಲವಕ್ಕೆ ಬೆನ್ನಿನ ಗರಿಯೇ ಇಲ್ಲ.

ಗೂಡು ಇಪ್ಪತ್ತಡಿ ಉದ್ದ, ಹತ್ತಡಿ ಅಗಲ, ಕೆಳಗೆ ಭತ್ತದ ಹೊಟ್ಟು ಹಾಸಿದ್ದೀವಿ. ಬೆಳಗ್ಗೆ ಸಂಜೆ ಮಾವಿನ ಮರದ ಕೆಳಗೆ ಬಿಡ್ತೀವಿ. ಮೇವು ಮನೇಲೇ ಒಡೆಸಿದ ಮುಸುಕಿನ ಜೋಳ, ಅಕ್ಕಿ ತೌಡು, ರಾಗಿ.

ಈಗ ಮಾರೋಣ ಅಂದ್ರೆ ಶ್ರಾವಣ, ಗಿರಾಕಿ ಇಲ್ಲ. ಅಮಾವಾಸ್ಯೆ ಕಳೀಲಿ ಅಂತಾರೆ ಎಲ್ಲರೂ. ಅಲ್ಲಿವರೆಗೆ ಇವು ಒಂದನ್ನೊಂದು ಕೊಂದುಕೊಳ್ತವೇನೋ ಅನ್ನೋ ಭಯ. ಮೇಲಾಗಿ ಒಂದು ಕೆಂಪು ಹುಂಜ ನನ್ನ ನಾಲ್ಕು ವರ್ಷದ ಮಗಳ ಮೇಲೂ ಎರಗಿ ಬಂತು. ಯಜಮಾನರು ಕೊಕ್ಕು ಕತ್ತರಿಸೋಣ ಅಂತಿದ್ದಾರೆ. ಪಕ್ಕದ ತೋಟದವರು ಜಗಳಗಂಟಿಗಳ ಕಾಲಿಗೆ ಹಗ್ಗ ಹಾಕಿ ಗೂಟಕ್ಕೆ ಕಟ್ಟಿ ಅಂತಾರೆ. ಅನುಭವ ಇರೋರು ದಯವಿಟ್ಟು ಹೇಳಿ.

ಹಾಸನ ನಾಟಿಕೋಳಿ

ಅಕ್ಕ, ಕೊಕ್ಕೂ ಬೇಡ, ಹಗ್ಗವೂ ಬೇಡ. ಮೊದಲ ಕೆಲಸ, ಹುಂಜಗಳನ್ನೆಲ್ಲ ಹ್ಯಾಟೆಗಳಿಂದ ಬೇರೆ ಮಾಡಿ. ಜಗಳಗಂಟಿ ನಾಲ್ಕನ್ನು ಆರಿಸಿ ತೆಗೆದರೆ ಪ್ರಯೋಜನ ಇಲ್ಲ, ಹುಂಜ ಅಂತ ಗುರುತು ಸಿಕ್ಕ ಎಲ್ಲವನ್ನೂ ಒಂದೇ ರಾತ್ರಿ ತೆಗೀಬೇಕು.

ಹ್ಯಾಟೆ ಕಣ್ಣಿಗೆ ಬೀಳದ ಜಾಗದಲ್ಲಿ ಬರೀ ಹುಂಜಗಳನ್ನ ಒಟ್ಟಿಗೆ ಇಟ್ಟರೆ ಅರ್ಧಕ್ಕರ್ಧ ಕಾದಾಟ ತಾನಾಗೇ ಇಳಿಯುತ್ತೆ. ಜೊತೇಲೇ ಬೆಳೆದ ಹುಂಜಗಳು ಇವು, ಒಂದರ ಮುಖ ಒಂದಕ್ಕೆ ಗೊತ್ತು. ಅವಕ್ಕೆ ಕೆರಳೋದು ಹ್ಯಾಟೆ ಕಂಡಾಗ. ನಡುವೆ ಬರೀ ಜಾಲರಿ ಇದ್ದರೆ ಸಾಲದು, ಜಾಲರಿಗೆ ಎದೆ ಕೊಟ್ಟು ನಿಂತು ಅಲ್ಲೇ ಜಗಳ ತೆಗೀತವೆ. ಗೋಣಿತಾಟು, ತೆಂಗಿನ ಗರಿ ತಟ್ಟಿ, ಹಳೇ ಫ್ಲೆಕ್ಸು, ಏನಾದ್ರೂ ಸರಿ, ನಿಮ್ಮ ಸೊಂಟದೆತ್ತರಕ್ಕೆ ಮರೆ ಕಟ್ಟಿ.

ಹಿಡಿಯೋದು ಕತ್ತಲಾದ ಮೇಲೆ. ಟಾರ್ಚಿಗೆ ಕೆಂಪು ಬಟ್ಟೆ ಕಟ್ಕೊಂಡು ಹೋಗಿ. ಕೂತಲ್ಲೇ ಎರಡೂ ರೆಕ್ಕೆ ಸೇರಿಸಿ ಎತ್ತಿದರೆ ಸದ್ದೇ ಮಾಡಲ್ಲ. ಹಗಲಲ್ಲಿ ಅಟ್ಟಿಸಿಕೊಂಡು ಹಿಡಿಯೋಕೆ ಹೋದರೆ ಈ ಮಳೆ ಸೆಖೆಗೆ ಮೂಲೇಲಿ ಒಂದರ ಮೇಲೊಂದು ಬಿದ್ದು ಉಸಿರುಕಟ್ಟಿ ಸಾಯ್ತವೆ.

ಹುಂಜ ಗುರುತಿಸೋದು ನಿಮಗೆ ಗೊತ್ತೇ ಇರುತ್ತೆ, ಆದರೂ ಅನುಮಾನ ಇದ್ದ ಹಕ್ಕಿಯ ಬಾಲದ ಬುಡ ನೋಡಿ. ಹುಂಜಕ್ಕೆ ಅಲ್ಲಿ ಸಣ್ಣಗೆ ಚೂಪಾಗಿ ಹೊಳೆಯೋ ಗರಿ ಎರಡೂ ಪಕ್ಕಕ್ಕೆ ಇಳಿಬಿದ್ದಿರುತ್ತೆ. ಹ್ಯಾಟೆಗೆ ಗರಿ ತುದಿ ದುಂಡಗಿರುತ್ತೆ. ನಾಲ್ಕು ತಿಂಗಳಿಗೆ ಇದು ತಪ್ಪೋದಿಲ್ಲ.

ಜವಾರಿ, ಗದಗ

ಅಕ್ಕಾರ, ಹಾಸನದ ಅಣ್ಣಾರು ಹೇಳಿದ್ದು ಖರೆ ಐತಿ. ಅದರ ಜೋಡಿ ನಂದೊಂದು ಮಾತು. ಹಗ್ಗ ಕಟ್ಟೂದು ಮಾತ್ರ ಬ್ಯಾಡ್ರಿ. ಕಟ್ಟಿದ ಹುಂಜಕ್ಕ ಓಡಾಕ ಬರೂದಿಲ್ಲ, ಉಳಿದವು ಬಂದು ಅದರ ತಲೀ ಕುಕ್ಕಿ ಕುಕ್ಕಿ ಹಣ್ಣ ಮಾಡ್ತಾವು. ಹುಂಜ ಹುಂಜ ಜಗಳ ಆಡಿದಾಗ ಸೋತಿದ್ದು ಓಡಿ ಹೋಗಬೇಕು, ಗೆದ್ದಿದ್ದು ಅಲ್ಲಿಗೇ ಬಿಡತೈತಿ. ಓಡಾಕ ಜಾಗಾ ಇಲ್ಲಂದ್ರ ಜಗಳ ಮುಗಿಯೂದಽ ಇಲ್ಲ.

ಹಂಗಾಗಿ ಬಯಲಾಗ ಅಡ್ಡಾದಿಡ್ಡಿ ಏನರ ಇಡ್ರಿ. ಕಡದ ಟೊಂಗಿ, ಹಳೇ ಗಾಲಿ ಟೈರು, ಡಬ್ಬ ಹಾಕಿದ ಬುಟ್ಟಿ, ಹತ್ತಿ ಕಟಗಿ ಹೊರಿ. ಸೋತ ಹುಂಜ ಅದರ ಹಿಂದ ಹೋಗಿ ನಿಂತ್ರ ಗೆದ್ದಿದ್ದಕ್ಕ ಕಾಣೂದಿಲ್ಲ, ಮರತು ಹೊಕ್ಕೈತಿ. ಮ್ಯಾಲ ಕುಂದರಾಕ ಬಿದಿರಿನ ಅಡ್ಡಗಳ ಎರಡು ಎತ್ತರದಾಗ ಕಟ್ರಿ.

ಕಾಳು ಒಂದಽ ಕಡೆ ಚೆಲ್ಲಬ್ಯಾಡ್ರಿ. ಜಗಳದ ಅರ್ಧಾ ಮೂಲ ಅಲ್ಲೇ ಐತಿ. ನಾಲ್ಕು ಮೂಲಿಗೆ ನಾಲ್ಕು ತಟ್ಟಿ, ನೀರೂ ಹಂಗಽ. ಎಲ್ಲಾ ಹುಂಜ ಒಮ್ಮೆಲೇ ತಲಿ ಹಾಕಾಕ ಜಾಗಾ ಇರಬೇಕು.

ಮಾಂಸದ ಕೋಳಿ, ಕೋಲಾರ

ನಾನು ಕಂಪನಿಗೆ ಬ್ರಾಯ್ಲರ್ ಸಾಕಿಕೊಡೋನು. ಬೇಜಾರು ಮಾಡ್ಕೋಬೇಡಿ ಮೇಡಂ, ನೇರವಾಗಿ ಹೇಳ್ತೀನಿ. ನಮ್ಮ ಶೆಡ್‌ನಲ್ಲಿ ಸಾವಿರಾರು ಹಕ್ಕಿ ಇದ್ದರೂ ಹುಂಜದ ಜಗಳ ಅನ್ನೋದೇ ಇಲ್ಲ, ಯಾಕಂದ್ರೆ ನಲವತ್ತು ದಿನದ ಆಸುಪಾಸಲ್ಲಿ ಲೋಡ್ ಹೋಗಿಬಿಡುತ್ತೆ. ಆ ವಯಸ್ಸಿಗೆ ಅವು ಇನ್ನೂ ಮರಿ. ಗಿರಿರಾಜನನ್ನೂ ಹತ್ತು ಹನ್ನೆರಡು ವಾರಕ್ಕೆ ಮಾರಿಬಿಟ್ಟರೆ ಈ ಕಾಟ ಬರಲ್ಲ. ಅದಾದ ಮೇಲೆ ಹುಂಜ ತಿನ್ನೋ ಮೇವಿಗೆ ತಕ್ಕ ತೂಕ ಬರೋದು ಕಡಿಮೆ ಆಗ್ತಾ ಹೋಗುತ್ತೆ. ಅದರ ಮೇಲೆ ಕಾದಾಡೋ ಹುಂಜ ತೂಕ ಕಳ್ಕೊಳ್ಳುತ್ತೆ. ನೀವು ಮಾರೋದು ಜೀವತೂಕದ ಲೆಕ್ಕದಲ್ಲಿ ತಾನೇ? ದಿನಾ ನಷ್ಟ ಅದು.

ಹಾಸನ ನಾಟಿಕೋಳಿ

ಕೋಲಾರದ ಅಣ್ಣ, ಮೇವಿನ ಲೆಕ್ಕ ಒಪ್ತೀನಿ. ಆದರೆ ನಮ್ಮ ಗಿರಾಕಿ ಬೇರೆ. ಹತ್ತು ವಾರದ ಗಿರಿರಾಜ ತಗೊಂಡು ಹೋದೋರು "ಫಾರಂ ಕೋಳಿ ಥರಾನೇ ಇದೆ, ಮೂಳೆಗೆ ರುಚಿ ಹತ್ತಿಲ್ಲ" ಅಂತ ಎರಡನೇ ಸಲ ಬರಲ್ಲ. ಕೂಗೋ ಹುಂಜಕ್ಕೇ ನಮ್ಮಲ್ಲಿ ಬೆಲೆ, ಮುದ್ದೆ ಜೊತೆ ಸಾರು ಮಾಡೋರು ಅದನ್ನೇ ಕೇಳೋದು. ಹರಕೆಗೆ ಒಯ್ಯೋರಂತೂ ಜುಟ್ಟು ಕೆಂಪಾಗಿ ನೆಟ್ಟಗೆ ನಿಂತಿರೋ, ಮೈ ತುಂಬ ಗರಿ ಇರೋ ಹುಂಜವೇ ಬೇಕು ಅಂತಾರೆ. ಹಂಗಾಗಿ ನಾಲ್ಕು ತಿಂಗಳಾದರೂ ಇಟ್ಕೊಳ್ಳೋದು ಅನಿವಾರ್ಯ. ಇಟ್ಕೊಳ್ಳೋದಾದರೆ ಬೇರೆ ಜಾಗ ಇರಲೇಬೇಕು, ಅಷ್ಟೇ ನನ್ನ ವಾದ.

ನಿವೃತ್ತ ಪಶುವೈದ್ಯ, ಶಿವಮೊಗ್ಗ

ಸ್ವಲ್ಪ ಉದ್ದ ಬರೀತೀನಿ, ವಿಷಯ ಹಂಗಿದೆ.

ಗಿರಿರಾಜ ತಳಿ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಯಾದದ್ದು. ಹಿತ್ತಲಲ್ಲಿ ಸಾಕೋಕೆ ಅಂತಲೇ ಮಾಡಿದ ತಳಿ, ಸ್ವಭಾವದಲ್ಲಿ ಜಗಳಗಂಟಿ ಅಲ್ಲ. ಕಾದಾಟಕ್ಕೇ ಹೆಸರಾದ ಅಸೀಲ್ ತಳಿ ಆಗಿದ್ದರೆ ಎರಡು ತಿಂಗಳಿಗೇ ನಿಮಗೆ ರಕ್ತ ಕಾಣ್ತಿತ್ತು. ಈಗ ಆಗ್ತಿರೋದು ಪ್ರಾಯಕ್ಕೆ ಬರೋ ಕಾಲದ ಕಾದಾಟ. ವೃಷಣ ಬೆಳೆದು ಟೆಸ್ಟೋಸ್ಟೆರಾನ್ ಅನ್ನೋ ಗಂಡು ಹಾರ್ಮೋನ್ ಏರುತ್ತೆ, ಜುಟ್ಟು ಕೆಂಪಾಗುತ್ತೆ, ಕೂಗು ಬರುತ್ತೆ, ಹ್ಯಾಟೆ ಮೆಟ್ಟೋ ಆಸೆ ಬರುತ್ತೆ, ಇವೆಲ್ಲ ಜೊತೆಜೊತೆಗೇ ಬರೋದು. ಐದಾರು ವಾರದ ಮರಿಗಳು ಎದೆಗೆ ಎದೆ ತಾಗಿಸಿ ಹಾರೋದು ಆಟ. ಈಗಿನದು ಆಟ ಅಲ್ಲ.

ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಅನ್ನೋ ಮೇಲು ಕೀಳಿನ ಶ್ರೇಣಿ ಇರುತ್ತೆ ಅಂತ ನಾರ್ವೆಯ ಥೋರ್ಲೀಫ್ ಶೆಲ್ಡೆರುಪ್ ಎಬ್ಬೆ 1921ರಲ್ಲೇ ಬರೆದಿದ್ದಾರೆ. ಹುಂಜಗಳದ್ದೇ ಒಂದು ಶ್ರೇಣಿ, ಹ್ಯಾಟೆಗಳದ್ದೇ ಇನ್ನೊಂದು. ಶ್ರೇಣಿ ಒಂದು ಸಲ ಗಟ್ಟಿಯಾದರೆ ದೊಡ್ಡ ಹುಂಜ ಕತ್ತು ಎತ್ತಿ ನೋಡಿದರೆ ಸಾಕು, ಚಿಕ್ಕದು ದಾರಿ ಬಿಡುತ್ತೆ. ಆದ್ದರಿಂದ ಪದೇ ಪದೇ ಹಕ್ಕಿ ತೆಗೆಯೋದು, ಸೇರಿಸೋದು ಮಾಡಬೇಡಿ. ಮೇಲಿನ ಹುಂಜವನ್ನು ತೆಗೆದರೆ ಖಾಲಿ ಬಿದ್ದ ಜಾಗಕ್ಕೆ ಉಳಿದವು ಮತ್ತೆ ಕಾದಾಡ್ತವೆ. ಹಾಸನದವರು ಎಲ್ಲವನ್ನೂ ಒಂದೇ ರಾತ್ರಿ ತೆಗೀಬೇಕು ಅಂದದ್ದು ಇದಕ್ಕೇ ಸರಿ.

ಈಗ ನಿಮ್ಮ ಮೇವಿಗೆ ಬರ್ತೀನಿ. ನನ್ನ ಅನುಮಾನ ಹೆಚ್ಚು ಇಲ್ಲೇ. ಜೋಳ, ರಾಗಿ, ತೌಡು ಅಷ್ಟೇ ಕೊಟ್ಟರೆ ಪ್ರೋಟೀನ್ ಸಾಲಲ್ಲ. ಈ ವಯಸ್ಸಿಗೆ ನೂರಕ್ಕೆ 16 ರಿಂದ 18ರಷ್ಟಾದರೂ ಬೇಕು. ಅದರಲ್ಲೂ ಮೆಥಿಯೋನಿನ್ ಅನ್ನೋ ಪ್ರೋಟೀನಿನ ಅಂಶ ಕೊರತೆಯಾದರೆ ಗರಿ ಕೀಳೋದು, ಕಿತ್ತ ಗರಿ ತಿನ್ನೋದು, ರಕ್ತ ಕಂಡಲ್ಲಿ ಕುಕ್ಕೋದು ಶುರುವಾಗುತ್ತೆ. ಉಪ್ಪು ಕಡಿಮೆ ಆದರೂ ಇದೇ ಚಟ. ಸೋಯಾ ಹಿಂಡಿ ಸೇರಿಸಿ, ಖನಿಜ ಮಿಶ್ರಣ ಸೇರಿಸಿ, ಅಡುಗೆ ಉಪ್ಪು ಕ್ವಿಂಟಾಲಿಗೆ ಸುಮಾರು 300 ಗ್ರಾಂ. ಕೈ ಹಿಡಿತ ತಪ್ಪಿ ಉಪ್ಪು ಜಾಸ್ತಿ ಆಗಬಾರದು, ಕೋಳಿಗೆ ಅದು ವಿಷ. ಕಡಲೆಕಾಯಿ ಹಿಂಡಿ ಮಳೆಗಾಲದಲ್ಲಿ ಬೂಷ್ಟು ಹಿಡಿದಿದ್ದರೆ ಮುಟ್ಟಲೇಬೇಡಿ. ಇಷ್ಟೆಲ್ಲ ತಲೆನೋವು ಯಾಕೆ ಅನ್ನೋದಾದರೆ ಅಂಗಡಿಯಲ್ಲಿ ಸಿಗೋ, ಬೆಳೆಯೋ ಕೋಳಿಗೆ ಅಂತ ಮಾಡಿದ ಗ್ರೋಯರ್ ಮೇವನ್ನೇ ಅರ್ಧ ಬೆರೆಸಿ.

ಕೊಕ್ಕಿನ ವಿಷಯ. ಕೊಕ್ಕಿನ ತುದಿ ಸುಡೋದು ಮೊಟ್ಟೆ ಫಾರಂಗಳಲ್ಲಿ ಮರಿ ಇದ್ದಾಗ, ವಾರ ಹತ್ತು ದಿನದೊಳಗೆ. ನಾಲ್ಕು ತಿಂಗಳ ಹಕ್ಕಿಗೆ ಕೊಕ್ಕಿನೊಳಗೆ ನರ, ರಕ್ತ ಎರಡೂ ತುಂಬಿರುತ್ತೆ. ಕತ್ತರಿಸಿದರೆ ನೋವಿಗೆ ಮೇವು ಬಿಡುತ್ತೆ, ತೂಕ ಇಳಿಯುತ್ತೆ. ಮುಖ್ಯವಾಗಿ ಹುಂಜ ಹೊಡೆದಾಡೋದು ಕಾಲಲ್ಲಿ. ಕೊಕ್ಕು ಹೋದರೂ ಒದೆಯೋದು ನಿಲ್ಲಲ್ಲ.

ಗೂಡಲ್ಲಿ ರಾತ್ರಿಯೆಲ್ಲ ಬಲ್ಬು ಉರಿಸ್ತಿದ್ದೀರಾ? ಹಾಗಿದ್ದರೆ ಆರಿಸಿ. ಬೆಳಕು ಜಾಸ್ತಿಯಾದಷ್ಟೂ ಬೇಗ ಪ್ರಾಯಕ್ಕೆ ಬರ್ತವೆ, ಕುಕ್ಕಾಟವೂ ಜಾಸ್ತಿ.

ಕೊನೆಗೊಂದು. ಜುಟ್ಟಿನ ಮೇಲಿರೋದು ಗಾಯವೇ ಅಂತ ಹತ್ತಿರದಿಂದ ನೋಡಿದಿರಾ? ಮಳೆಗಾಲದಲ್ಲಿ ಸೊಳ್ಳೆಯಿಂದ ಕೋಳಿ ಸಿಡುಬು ಹರಡುತ್ತೆ. ಕಾದಾಟದ ಗಾಯ ಸೀಳಿದಂತೆ ಇರುತ್ತೆ, ಒಣಗಿದ ಮೇಲೆ ತೆಳುವಾಗಿ ಕಪ್ಪು ಪೊರೆ. ಸಿಡುಬಾದರೆ ನರುಳ್ಳೆಯ ಥರ ಎದ್ದು ನಿಂತ ಗಂಟು, ಜುಟ್ಟಿನ ಜೊತೆಗೆ ಕಣ್ಣಿನ ರೆಪ್ಪೆ, ಕೊಕ್ಕಿನ ಮೂಲೆಯಲ್ಲೂ ಇರುತ್ತೆ, ಹ್ಯಾಟೆಗಳಿಗೂ ಬಂದಿರುತ್ತೆ. ಒಂದು ಫೋಟೋ ಹಾಕಿ.

ತೋಟದಮನೆ, ರಾಮನಗರ

ಡಾಕ್ಟ್ರೇ, ಫೋಟೋ ಹಾಕಿದ್ದೀನಿ ನೋಡಿ. ಹ್ಯಾಟೆಗಳ ಮುಖ ಶುಭ್ರವಾಗಿದೆ, ಹುಂಜಗಳಿಗೆ ಮಾತ್ರ. ಹೌದು, ಹೆಗ್ಗಣದ ಭಯಕ್ಕೆ ರಾತ್ರಿ ಬಲ್ಬು ಇರ್ತಿತ್ತು.

ಹಾಸನದ ಅಣ್ಣ, ಜಾಗದ್ದೇ ಚಿಂತೆ. ಹಳೇ ದನದ ಕೊಟ್ಟಿಗೆ ಒಂದಿದೆ, ಮುಂದೆ ಸ್ವಲ್ಪ ಬಯಲು. ನೆಲ ಮಣ್ಣು, ಒಂದು ಪಕ್ಕ ಗೋಡೆ ಇಲ್ಲ. ಸಾಕಾಗುತ್ತಾ?

ನಿವೃತ್ತ ಪಶುವೈದ್ಯ, ಶಿವಮೊಗ್ಗ

ಫೋಟೋದಲ್ಲಿರೋದು ಕಾದಾಟದ ಗಾಯವೇ. ಉಗುರುಬೆಚ್ಚಗಿನ ಉಪ್ಪುನೀರಲ್ಲಿ ತೊಳೆದು ಪೊವಿಡೋನ್ ಅಯೋಡಿನ್ ಹಚ್ಚಿ. ನೊಣ ಕೂರದಂಗೆ ಸುತ್ತ ಬೇವಿನೆಣ್ಣೆಗೆ ಅರಿಶಿನ ಕಲಸಿ ಸವರಿ. ಈ ಹವೆಗೆ ಒಂದೆರಡು ದಿನದಲ್ಲೇ ಹುಳ ಬೀಳುತ್ತೆ. ಬೆನ್ನಿನ ಗಾಯ ರೆಕ್ಕೆ ಕೆಳಗೆ ಮುಚ್ಚಿಹೋಗಿರುತ್ತೆ, ರೆಕ್ಕೆ ಎತ್ತಿ ನೋಡಿ. ಮೆಡಿಕಲ್ ಶಾಪಿನವರು ಕೊಟ್ಟ ಆಂಟಿಬಯೋಟಿಕ್ ಪುಡಿ ನೀರಿಗೆ ಹಾಕಬೇಡಿ. ಇನ್ನು ಕೆಲವೇ ವಾರಕ್ಕೆ ಜನ ತಿನ್ನೋ ಮಾಂಸ ಇದು. ಔಷಧಿ ಬೇಕೇಬೇಕು ಅನ್ನೋ ಪರಿಸ್ಥಿತಿ ಬಂದರೆ ನಿಮ್ಮ ಪಶು ಆಸ್ಪತ್ರೆಯಲ್ಲಿ ಕೇಳಿ, ಕೊಟ್ಟ ಮೇಲೆ ಎಷ್ಟು ದಿನ ಮಾರಬಾರದು ಅಂತಲೂ ಬರೆಸಿಕೊಳ್ಳಿ.

ಹಾಸನ ನಾಟಿಕೋಳಿ

ಕೊಟ್ಟಿಗೆ ಧಾರಾಳ ಸಾಕು. ಮಣ್ಣಿನ ನೆಲದ ಮೇಲೆ ನಾಲ್ಕು ಬೆರಳು ಹೊಟ್ಟು ಹಾಸಿ. ಗೋಡೆ ಇಲ್ಲದ ಕಡೆ ಜಾಲರಿ ಹೊಡೆದು, ಬುಡದಲ್ಲಿ ಒಂದಡಿ ಜಾಲರಿಯನ್ನ ಹೊರಗಡೆಗೆ ನೆಲದಲ್ಲಿ ಹೂತುಬಿಡಿ, ಮುಂಗುಸಿ, ನಾಯಿ ಕೆರೆದು ಒಳಗೆ ಬರಲ್ಲ. ಹೆಗ್ಗಣಕ್ಕೂ ಅದೇ ಮದ್ದು, ಬಲ್ಬು ಅಲ್ಲ.

ನುಗ್ಗೆಸೊಪ್ಪಿನ ಕಟ್ಟನ್ನ ಹುಂಜದ ತಲೆಗಿಂತ ಸ್ವಲ್ಪ ಮೇಲಕ್ಕೆ ದಾರದಲ್ಲಿ ಇಳಿಬಿಡಿ. ಎಗರಿ ಎಗರಿ ಕಿತ್ತು ತಿಂತವೆ, ಹೊತ್ತು ಹೋಗುತ್ತೆ. ಅಗಸೆ ಸೊಪ್ಪು, ನೀರಲ್ಲಿ ಬೆಳೆಯೋ ಅಜೋಲಾ ಇದ್ದರೂ ಸರಿ. ಸುಮ್ಮನೆ ನಿಂತ ಹುಂಜವೇ ಜಗಳಕ್ಕೆ ಹೋಗೋದು.

ಕರಾವಳಿ ಯುವಕ, ಪುತ್ತೂರು

ಅಕ್ಕ, ಅಷ್ಟು ಜೋರಿನ ಹುಂಜ ಇದ್ದರೆ ಮಾಂಸದ ರೇಟಿಗೆ ಯಾಕೆ ಕೊಡ್ತೀರಿ? ನಮ್ಮ ಕಡೆ ಅಂಕಕ್ಕೆ, ಅಂದ್ರೆ ಕೋಳಿ ಕಾದಾಟಕ್ಕೆ, ತಗೊಂಡು ಹೋಗುವವರು ಮೂರು ಪಾಲು ದುಡ್ಡು ಕೊಡ್ತಾರೆ.

ಊರಕೋಳಿ ಅಂಗಳ, ಸುಳ್ಯ

ಅದು ಬೇಡ ಮಾರಾಯ್ರೆ. ನಾನೂ ಅದೇ ಕರಾವಳಿಯವಳು, ಅಂಕ ನೋಡಿಯೇ ಬೆಳೆದದ್ದು. ಕಾಲಿಗೆ ಕತ್ತಿ ಕಟ್ಟಿ ಬಿಟ್ಟ ಹುಂಜ ಹೇಗೆ ಸಾಯ್ತದೆ ಅಂತ ಗೊತ್ತುಂಟು. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರಲ್ಲೇ ಬಂದದ್ದು, ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು ಅದರ ಪ್ರಕಾರ ಅಪರಾಧ. ಜೂಜು ಕಟ್ಟಿದರೆ ಪೊಲೀಸರ ಕೇಸು ಬೇರೆ. ಅವರು ಕೋಳಿ ಸಾಕುವ ದಾರಿ ಕೇಳಿದ್ದು, ಕಾದಿಸುವ ದಾರಿ ಅಲ್ಲ.

ಮತ್ತೆ ಗಿರಿರಾಜ ಹುಂಜ ಅಲ್ಲಿ ಯಾರೂ ಕೇಳುವುದೂ ಇಲ್ಲ, ದಪ್ಪ ಮೈಯ ಹಕ್ಕಿ ಅದು, ಹಾರುವುದಕ್ಕೆ ಆಗುವುದಿಲ್ಲ.

ರಾಮನಗರದ ಅಕ್ಕ, ಶ್ರಾವಣದಲ್ಲಿ ಎಲ್ಲರೂ ಮಾಂಸ ಬಿಡುವುದಿಲ್ಲ. ಮುಸಲ್ಮಾನರು, ಕ್ರೈಸ್ತರು, ನಮ್ಮ ಕರಾವಳಿಯಲ್ಲಿ ತುಂಬಾ ಜನ ತಿಂತಾರೆ. ನಿಮ್ಮ ಪೇಟೆಯಲ್ಲಿ ನಾಟಿ ಸ್ಟೈಲ್ ಹೋಟೆಲು, ಮಿಲಿಟರಿ ಹೋಟೆಲು ಉಂಟಲ್ವಾ? ಎಲ್ಲಕ್ಕಿಂತ ಜಗಳಗಂಟಿ ಹತ್ತನ್ನು ಮೊದಲು ಅಲ್ಲಿಗೆ ಕೊಟ್ಟುಬಿಡಿ, ನಾಲ್ಕು ಕಾಸು ಕಡಿಮೆ ಆದರೂ ಅಡ್ಡಿಯಿಲ್ಲ. ಕಾದಾಡಿದ ಹುಂಜದ ತೊಡೆ, ಎದೆಯಲ್ಲಿ ರಕ್ತ ಹೆಪ್ಪುಗಟ್ಟಿ ಮಾಂಸ ಕಪ್ಪಾಗ್ತದೆ. ಗರಿ ಕಿತ್ತ ಮೇಲೆ ಕಾಣುವುದು ಅದು, ಗಿರಾಕಿ ಮತ್ತೆ ಬರುವುದಿಲ್ಲ.

ನಿವೃತ್ತ ಪಶುವೈದ್ಯ, ಶಿವಮೊಗ್ಗ

ಸುಳ್ಯದ ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಹತ್ತನ್ನು ಕೊಡೋದಾದರೆ ಕೊಟ್ಟಿಗೆಗೆ ಸಾಗಿಸೋ ರಾತ್ರಿಯೇ ಬೇರೆ ಮಾಡಿ ಕೊಡಿ. ಹೊಸ ಜಾಗದಲ್ಲಿ ಶ್ರೇಣಿ ಕಟ್ಟಿಕೊಂಡ ಮೇಲೆ ದಿನಕ್ಕೊಂದರಂತೆ ತೆಗೆದರೆ ದಿನವೂ ಗಲಾಟೆ.

ತೋಟದಮನೆ, ರಾಮನಗರ

ಎಲ್ಲರೂ ಹೇಳಿದ ಹಾಗೆ ಮಾಡಿದ್ದೀವಿ, ಒಂದು ವಾರ ಆಯ್ತು. ಹಾಸನದ ಅಣ್ಣ ಹೇಳಿದಂಗೆ ರಾತ್ರೀಲೇ ಸಾಗಿಸಿದೆವು, ನಿಜವಾಗಲೂ ಒಂದೂ ಕಿರುಚಲಿಲ್ಲ. ದೊಡ್ಡವು ಒಂಬತ್ತು ಹೋಟೆಲಿನವರಿಗೆ ಹೋದವು. ಮಾರನೇ ದಿನ ಬೆಳಗ್ಗೆ ಕೊಟ್ಟಿಗೇಲಿ ಜೋರು ಕಾದಾಟ ಆಯ್ತು, ನೋಡೋಕೆ ಆಗಲಿಲ್ಲ ನನಗೆ. ಮೂರನೇ ದಿನದ ಹೊತ್ತಿಗೆ ಇಳೀತು. ಈಗ ದಿಟ್ಟಿಸಿ ನೋಡ್ತವೆ, ಒಂದು ರೆಕ್ಕೆ ಇಳಿಬಿಟ್ಟು ಅಡ್ಡಡ್ಡ ಹೆಜ್ಜೆ ಹಾಕ್ತವೆ, ಅಷ್ಟಕ್ಕೇ ಮುಗಿಯುತ್ತೆ. ಹ್ಯಾಟೆಗಳು ನೆಮ್ಮದಿಯಾಗಿ ಮಣ್ಣಲ್ಲಿ ಹೊರಳಾಡ್ತಿವೆ, ಬೆನ್ನಲ್ಲಿ ಮುಳ್ಳುಮುಳ್ಳಾಗಿ ಹೊಸ ಗರಿ ಏಳ್ತಿದೆ. ಗ್ರೋಯರ್ ಮೇವು ಅರ್ಧ ಬೆರೆಸ್ತಿದ್ದೀವಿ.

ಆದರೆ ಒಂದು ಬಿಳಿ ಚುಕ್ಕೆ ಹುಂಜ ಗೋಡೆ ಮೂಲೇಲಿ ತಲೆ ಇಟ್ಕೊಂಡು ನಿಂತಿರುತ್ತೆ. ಅದನ್ನ ಯಾವುದೂ ಈಗ ಹೊಡೀತಿಲ್ಲ, ಗಾಯವೂ ಇಲ್ಲ. ಸುಮ್ಮನೆ ಬಿಡ್ಲಾ?

ನಿವೃತ್ತ ಪಶುವೈದ್ಯ, ಶಿವಮೊಗ್ಗ

ಬಿಡಬೇಡಿ. ಇವತ್ತು ರಾತ್ರಿ ಅವು ಕೂತ ಮೇಲೆ ಆ ಹುಂಜದ ಎದೆ ಮೇಲ್ಭಾಗ, ಕತ್ತಿನ ಬುಡದಲ್ಲಿ ಬಲಗಡೆ ಮುಟ್ಟಿ ನೋಡಿ. ಮೇವಿನ ಚೀಲ ಅಲ್ಲಿರುತ್ತೆ. ಹೊಟ್ಟೆ ತುಂಬ ತಿಂದ ಹಕ್ಕಿಗೆ ಅಲ್ಲಿ ಮುಷ್ಟಿಯಷ್ಟು ಗಟ್ಟಿಯಾಗಿ ಸಿಗುತ್ತೆ, ಕಾಳು ಕೈಗೆ ತಾಗುತ್ತೆ. ಖಾಲಿ ಚರ್ಮ ಸಿಕ್ಕರೆ ಆ ಹಕ್ಕಿಗೆ ತಟ್ಟೆ ಹತ್ತಿರ ಹೋಗೋಕೆ ಧೈರ್ಯ ಇಲ್ಲ ಅಂತ ಅರ್ಥ. ಹೊಡೆತ ತಿನ್ನದೆಯೂ ಹಸಿವಿಂದ ಸಾಯ್ತವೆ ಹಕ್ಕಿಗಳು, ಸಾಕೋರಿಗೆ ಗೊತ್ತೇ ಆಗಲ್ಲ. ಅದೊಂದನ್ನೇ ಅಲ್ಲ, ಕೈಗೆ ಸಿಕ್ಕ ಹತ್ತು ಹಕ್ಕಿ ಮುಟ್ಟಿ ನೋಡಿ. ಎರಡು ಮೂರರ ಚೀಲ ಖಾಲಿ ಇದ್ದರೆ ಮೇವಿನ ತಟ್ಟೆ ಸಾಲುತ್ತಿಲ್ಲ.

ತೋಟದಮನೆ, ರಾಮನಗರ

ಮುಟ್ಟಿ ನೋಡಿದೆ ಡಾಕ್ಟ್ರೇ. ಚುಕ್ಕೆ ಹುಂಜದ್ದು ಪೂರ್ತಿ ಖಾಲಿ. ಇನ್ನೊಂದು ಸಣ್ಣದರದ್ದೂ ಅಷ್ಟೇ. ಎರಡನ್ನೂ ಬೇರೆ ಪಂಜರದಲ್ಲಿ ಇಟ್ಟಿದ್ದೀನಿ, ಗಬಗಬ ತಿಂತಿವೆ. ಮೈ ತುಂಬಿದ ಮೇಲೆ ವಾಪಸ್ ಕೊಟ್ಟಿಗೆಗೆ ಬಿಡಬಹುದಾ?

ಜವಾರಿ, ಗದಗ

ಬಿಡಬ್ಯಾಡ್ರಿ ಅಕ್ಕಾರ. ಹೊರಗ ಇದ್ದು ಬಂದ ಹುಂಜಾನ್ನ ಒಳಗಿನವು ಪರ ಊರಿನವರಂಗ ನೋಡ್ತಾವು. ಒಂದಽ ಹುಂಜಾನ್ನ ಒಳಗ ಬಿಟ್ರ ಎಲ್ಲಾವೂ ಮೈಮ್ಯಾಲ ಬರ್ತಾವು. ಅವೆರಡೂ ಜೋಡಿಲೇ ಪಂಜರದಾಗಽ ಇರ್ಲಿ, ಅಲ್ಲಿಂದಽ ಮಾರ್ರಿ.

ನಿವೃತ್ತ ಪಶುವೈದ್ಯ, ಶಿವಮೊಗ್ಗ

ಗದಗದವರು ಸರಿಯಾಗಿ ಹೇಳಿದ್ರು. ಕೋಳಿ ಇನ್ನೊಂದು ಕೋಳಿಯ ಗುರುತು ಹಿಡಿಯೋದು ಮುಖ್ಯವಾಗಿ ತಲೆ, ಜುಟ್ಟು ನೋಡಿ. ಕೆಲವು ದಿನ ಕಾಣದೇ ಹೋಗಿ, ಜುಟ್ಟಿನ ಆಕಾರವೂ ಗಾಯದಿಂದ ಬದಲಾಗಿದ್ದರೆ ಅದು ಹೊಸ ಹಕ್ಕಿಯೇ.

ತೋಟದಮನೆ, ರಾಮನಗರ

ಸರಿ, ಅಲ್ಲೇ ಇರ್ಲಿ. ಇನ್ನು ಆ ಕೆಂಪು ಹುಂಜದ ಮಾತು. ಮಗಳ ಮೇಲೆ ಬಂದದ್ದು ಅದು. ಹೋಟೆಲಿಗೆ ಕೊಡ್ಲಿಲ್ಲ, ನೋಡೋಕೆ ತುಂಬ ಚೆನ್ನಾಗಿದೆ, ಹ್ಯಾಟೆಗಳ ಜೊತೆ ತಳಿಗೆ ಇಟ್ಕೊಳ್ಳೋಣ ಅಂತ ಯಜಮಾನರ ಆಸೆ. ನನ್ನನ್ನ ಕಂಡರೆ ಸುಮ್ಮನಿರುತ್ತೆ. ಹಿಂದಿನಿಂದ ಬಂದು ಮಗಳ ಮೊಣಕಾಲಿಗೆ ಗೀರಿದೆ, ಸ್ವಲ್ಪ ರಕ್ತ ಬಂದಿತ್ತು. ಅತ್ತೆ ಹುಚ್ಚುನಾಯಿ ಇಂಜೆಕ್ಷನ್ ಹಾಕಿಸಿ ಅಂತಿದ್ದಾರೆ.

ನಿವೃತ್ತ ಪಶುವೈದ್ಯ, ಶಿವಮೊಗ್ಗ

ಹುಚ್ಚುನಾಯಿ ರೋಗ ಹಾಲೂಡಿಸೋ ಪ್ರಾಣಿಗಳಿಂದ ಬರೋದು, ಕೋಳಿಯಿಂದ ಬರಲ್ಲ. ಅತ್ತೆಯವರಿಗೆ ಧೈರ್ಯ ಹೇಳಿ. ಆದರೆ ಕೋಳಿ ಕಾಲು ಸದಾ ಹಿಕ್ಕೆ, ಮಣ್ಣಲ್ಲಿರುತ್ತೆ. ಗಾಯವನ್ನ ಸೋಪು ಹಾಕಿ ಹರಿಯೋ ನೀರಲ್ಲಿ ತೊಳೆದು, ಮಗುವಿಗೆ ಧನುರ್ವಾಯು ಲಸಿಕೆ ಆಗಿದೆಯಾ ಅಂತ ತಾಯಿ ಕಾರ್ಡ್ ಸಮೇತ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಕೆಂಪಾಗಿ ಊದಿದ್ದರೆ ಇವತ್ತೇ ಹೋಗಿ.

ಊರಕೋಳಿ ಅಂಗಳ, ಸುಳ್ಯ

ಅಕ್ಕ, ಆ ಹುಂಜವನ್ನು ಇಟ್ಟುಕೊಳ್ಳಬೇಡಿ. ಈ ವಿಷಯದಲ್ಲಿ ನನಗೆ ಎರಡನೇ ಮಾತಿಲ್ಲ. ದೊಡ್ಡವರನ್ನು ಬಿಟ್ಟು ಮಕ್ಕಳ ಮೇಲೆ, ಅದೂ ಹಿಂದಿನಿಂದ ಬರುವ ಹುಂಜ ಸುಧಾರಿಸುವುದಿಲ್ಲ. ನಾಲ್ಕು ವರ್ಷದ ಮಗುವಿನ ಕಣ್ಣು ಎಷ್ಟು ಎತ್ತರದಲ್ಲಿ ಉಂಟು ನೋಡಿ, ಹುಂಜ ಎಗರಿದರೆ ಅಲ್ಲಿಗೇ ಸಿಗ್ತದೆ. ಈಗ ಕಾಲಿನ ಮುಳ್ಳು ಬರೀ ಗುಬುಟು. ವರ್ಷ ತುಂಬುವಾಗ ಅದು ಚೂಪಾಗಿ ಬೆಳೆದಿರ್ತದೆ.

ಕೋಲಿನಲ್ಲಿ ಹೊಡೆದು ಬುದ್ಧಿ ಕಲಿಸ್ತೇವೆ ಅಂತ ಗಂಡಸರು ಹೇಳ್ತಾರೆ. ಹೊಡೆದರೆ ಹುಂಜಕ್ಕೆ ನೀವು ಕಾದಾಟಕ್ಕೆ ಬಂದ ಇನ್ನೊಂದು ಹುಂಜ ಅಂತ ಖಾತ್ರಿ ಆಗ್ತದೆ, ನಾಳೆ ಇನ್ನೂ ಜೋರಾಗಿ ಬರ್ತದೆ. ಓಡಿದರೆ ಗೆದ್ದೆ ಅಂತ ತಿಳೀತದೆ. ಮಗುವಿಗೆ ಇವೆರಡೂ ಅಲ್ಲದ ಮೂರನೇ ದಾರಿ ಕಲಿಸುವುದು ಸಾಧ್ಯ ಇಲ್ಲ. ನೀವಾದರೆ ಅಗಲವಾದ ಮೊರ ಅಥವಾ ಬುಟ್ಟಿ ಕಾಲಿನ ಮುಂದೆ ಅಡ್ಡ ಹಿಡಿದು ನಿಂತಲ್ಲೇ ನಿಲ್ಲಿ, ಸುಸ್ತಾಗಿ ಬಿಡ್ತದೆ.

ಜೋರು ಹುಂಜದ ಮರಿಯೂ ಜೋರೇ ಆಗುವ ಸಂಭವ ಹೆಚ್ಚು. ತಳಿಗೆ ಇಡುವುದಾದರೆ ಕೊಟ್ಟಿಗೆಯಲ್ಲಿರುವುದರಲ್ಲಿ ಸೌಮ್ಯವಾದ, ಆದರೆ ಹೆದರಿ ಮೂಲೆ ಸೇರದ, ತಟ್ಟೆ ಹತ್ತಿರ ಧೈರ್ಯವಾಗಿ ನಿಲ್ಲುವ ಹುಂಜ ಆರಿಸಿ. ಕಾಳು ಸಿಕ್ಕಾಗ ತಾನು ತಿನ್ನದೆ ಕ್ಕೊ ಕ್ಕೊ ಅಂತ ಹೇಂಟೆಗಳನ್ನು ಕರೆಯುವ ಹುಂಜ ಇದ್ದರೆ ಅದೇ ಒಳ್ಳೆಯದು.

ಮಾಂಸದ ಕೋಳಿ, ಕೋಲಾರ

ಸುಳ್ಯದ ಮೇಡಂ ಮಾತಿಗೆ ನನ್ನದೂ ಒಪ್ಪಿಗೆ. ಇದರಲ್ಲಿ ಲಾಭ ನಷ್ಟ ನೋಡಬೇಡಿ.

ತಳಿಗೆ ಅಂದದ್ದಕ್ಕೆ ಇನ್ನೊಂದು ವಿಷಯ. ಗಿರಿರಾಜದ ಮೊಟ್ಟೆ ಇಟ್ಟು ಮರಿ ಮಾಡಿದರೆ ಮರಿಗಳೆಲ್ಲ ಅಪ್ಪ ಅಮ್ಮನಷ್ಟೇ ತೂಕಕ್ಕೆ ಬರ್ತವೆ ಅಂತ ಲೆಕ್ಕ ಹಾಕಬೇಡಿ. ಮಿಶ್ರ ತಳಿ ಅದು, ಮುಂದಿನ ಪೀಳಿಗೆ ಒಂದೇ ಸಮ ಇರಲ್ಲ. ಮಾಂಸಕ್ಕೆ ಬ್ಯಾಚ್ ಹಾಕೋದಾದರೆ ಮರಿ ಹೊಸದಾಗಿ ತರೋದೇ ಮೇಲು. ಮತ್ತೆ ತರೋ ತಿಂಗಳು ನೋಡ್ಕೊಳ್ಳಿ. ಯುಗಾದಿಗೆ ತಂದರೆ ಹುಂಜ ಕೂಗೋ ಹೊತ್ತಿಗೆ ಸರಿಯಾಗಿ ಶ್ರಾವಣ ಬರುತ್ತೆ, ಈ ಸಲ ಆದದ್ದೇ ಅದು. ನವೆಂಬರ್ ಕೊನೆಗೆ ತಂದರೆ ಯುಗಾದಿ ಮಾರನೇ ದಿನದ ವರ್ಷತೊಡಕಿಗೆ ನಾಲ್ಕು ತಿಂಗಳ ಹುಂಜ ರೆಡಿ ಇರುತ್ತೆ. ಅವತ್ತು ನಿಮ್ಮ ರಾಮನಗರ ಕಡೆ ನಾಟಿಕೋಳಿಗೆ ಎಷ್ಟು ಬೇಡಿಕೆ ಅಂತ ನಾನು ಹೇಳಬೇಕಾಗಿಲ್ಲ.

ಹಾಸನ ನಾಟಿಕೋಳಿ

ಇದು ಲಾಖ್ ಮಾತು. ಈಗಿರೋ ಹುಂಜಗಳಿಗೂ ದಾರಿ ಇದೆ ಅಕ್ಕ. ಶ್ರಾವಣ ಕಳೆದ ಮೇಲೆ ಗಣೇಶನ ಹಬ್ಬದವರೆಗೆ ಸ್ವಲ್ಪ ಹೋಗ್ತವೆ. ಉಳಿದದ್ದನ್ನ ಪಿತೃಪಕ್ಷಕ್ಕೆ ಇಟ್ಕೊಳ್ಳಿ. ಮಹಾಲಯ ಅಮಾವಾಸ್ಯೆಗೆ ಎಡೆ ಇಡೋರು ಮೊದಲೇ ಬಂದು ಹೇಳಿಹೋಗ್ತಾರೆ, ಈಗಿಂದಲೇ ಊರಲ್ಲಿ ಸುದ್ದಿ ಬಿಡಿ. ಕೊಡೋವಾಗ ಒಂದೊಂದಾಗಿ ತೆಗೀದೆ ಹತ್ತು ಹತ್ತರ ಗುಂಪಾಗಿ ಹಿಂದಿನ ರಾತ್ರಿ ಬುಟ್ಟಿಗೆ ಹಾಕಿಟ್ಕೊಳ್ಳಿ.

ತೋಟದಮನೆ, ರಾಮನಗರ

ಕೆಂಪು ಹುಂಜ ಇವತ್ತು ಹೋಯ್ತು. ಯಜಮಾನರಿಗೆ ನಿಮ್ಮೆಲ್ಲರ ಬರಹ ಓದಿಸಿದೆ, ಒಪ್ಪಿಕೊಂಡ್ರು. ಮಗಳನ್ನ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗಿದ್ದೆ, ಲಸಿಕೆ ಎಲ್ಲ ಆಗಿದೆ, ಗಾಯ ಒಣಗಿದೆ ಅಂದ್ರು.

ಹ್ಯಾಟೆಗಳಲ್ಲಿ ಇಪ್ಪತ್ತನ್ನ ಮೊಟ್ಟೆಗೆ ಉಳಿಸ್ಕೊಳ್ತೀವಿ. ಅವಕ್ಕೆ ಎಷ್ಟು ಹುಂಜ ಬಿಡಬೇಕು? ಮೊಟ್ಟೆ ಕೋಳಿ ಮೇವು ತರೋಣ ಅಂತಿದ್ದೀವಿ, ಕೊಟ್ಟಿಗೆಯ ಹುಂಜಗಳಿಗೂ ಅದನ್ನೇ ಹಾಕಬಹುದಾ? ಎರಡು ಥರ ಮೂಟೆ ಇಡೋದು ಕಷ್ಟ.

ನಿವೃತ್ತ ಪಶುವೈದ್ಯ, ಶಿವಮೊಗ್ಗ

ತಿನ್ನೋ ಮೊಟ್ಟೆಗೆ ಹುಂಜವೇ ಬೇಕಿಲ್ಲ. ಮರಿ ಮಾಡಿಸೋದಾದರೆ ಹತ್ತು ಹ್ಯಾಟೆಗೆ ಒಂದು ಹುಂಜ, ಇಪ್ಪತ್ತಕ್ಕೆ ಎರಡು. ಎರಡನ್ನೂ ಒಂದೇ ದಿನ ಬಿಡಿ.

ಮೇವು ಮಾತ್ರ ಒಂದೇ ಆಗಬಾರದು. ಮೊಟ್ಟೆ ಕೋಳಿ ಮೇವಲ್ಲಿ ಸುಣ್ಣದಂಶ ನೂರಕ್ಕೆ ಮೂರೂವರೆಯಷ್ಟು ಇರುತ್ತೆ, ಚಿಪ್ಪು ಕಟ್ಟೋಕೆ ಬೇಕಾದದ್ದು. ಮೊಟ್ಟೆ ಇಡದ ಹುಂಜಕ್ಕೆ, ಇನ್ನೂ ಇಡೋಕೆ ಶುರು ಮಾಡದ ಹ್ಯಾಟೆಗೂ ಅದು ಮೂತ್ರಪಿಂಡಕ್ಕೆ ಹೊರೆ. ಎಲ್ಲದಕ್ಕೂ ಗ್ರೋಯರ್ ಮೇವೇ ತನ್ನಿ, ಒಂದೇ ಮೂಟೆ ಸಾಕು. ಮೊದಲ ಮೊಟ್ಟೆ ಕಂಡ ದಿನದಿಂದ ಹ್ಯಾಟೆಗಳ ಕಡೆ ಮಾತ್ರ ಒಂದು ತಟ್ಟೇಲಿ ಚಿಪ್ಪಿನ ಪುಡಿ ಬೇರೆ ಇಡಿ. ಬೇಕಾದಷ್ಟು ಅವೇ ತಿನ್ಕೊಳ್ತವೆ.

ತೋಟದಮನೆ, ರಾಮನಗರ

ಆಯ್ತು ಡಾಕ್ಟ್ರೇ, ನಾಳೆ ಗ್ರೋಯರ್ ಎರಡು ಮೂಟೆ ತರಿಸ್ತೀನಿ. ಹಾಸನದ ಅಣ್ಣ, ಸುಳ್ಯದ ಅಕ್ಕ, ಗದಗದವರು, ಕೋಲಾರದವರು, ಎಲ್ಲರಿಗೂ ತುಂಬ ಉಪಕಾರ ಆಯ್ತು. ನವೆಂಬರ್ ಬ್ಯಾಚಿಗೆ ಮರಿ ಬುಕ್ ಮಾಡೋ ಮುಂಚೆ ಕೊಟ್ಟಿಗೆ ನಡುವೆ ಗೋಡೆ ಕಟ್ಟಿಸ್ತಿದ್ದೀವಿ.